ಎಂಬತ್ತು ಜನಕ್ಕೆ ಉಪ್ಪು

ಸೌಟಮ್ಮನಿಗೆ ನಾನೂರು ಜನಕ್ಕೆ ಅಡುಗೆ ಮಾಡಲು ಬರುತ್ತಿತ್ತು, ಇಬ್ಬರಿಗೆ ಮಾಡಲು ಬರುತ್ತಿರಲಿಲ್ಲ. ನಗಬೇಡಿ. ಪಂಪು ತಯಾರಿಸುವ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತನಾಲ್ಕು ವರ್ಷ ಸೌಟು ಹಿಡಿದ ಕೈ ಅದು. ಆ ಹೆಸರು ಅಂಟಿಕೊಂಡದ್ದೂ ಅಲ್ಲೇ. ಉಪ್ಪನ್ನು ಹಿಡಿಯಲ್ಲಿ ಅಳೆದು ಗೊತ್ತಿದ್ದ ಕೈಗೆ ಚಿಟಿಕೆಯ ಲೆಕ್ಕ ಹತ್ತುತ್ತಿರಲಿಲ್ಲ. ಮನೆಯ ಪುಟ್ಟ ಪಾತ್ರೆಯ ಮುಂದೆ ನಿಂತರೆ ಸಾಕು, ಆ ಕೈಗೆ ಗಾಬರಿ. ಹಾಕಿದರೆ ಬಾಯಿಗಿಡಲಾಗದಷ್ಟು ಉಪ್ಪು, ಹೆದರಿ ಬಿಟ್ಟರೆ ಬರೀ ಸಪ್ಪೆ. ಮದುವೆಯಾದ ಎರಡನೇ ವಾರ ಗಂಡ ಒಂದು ತುತ್ತು ಬಾಯಿಗಿಟ್ಟು, ಮೇಲೆ ಮೂರು ಲೋಟ ನೀರು ಕುಡಿದು, "ನಾಳೆಯಿಂದ ಒಲೆ ನಾನು ನೋಡ್ಕೋತೀನಿ, ನೀನು ದುಡಿದು ಸುಸ್ತಾಗಿ ಬಂದಿರ್ತೀಯ" ಎಂದಿದ್ದ. ಎಷ್ಟು ನಯವಾಗಿ ಹೇಳಿದ ನೋಡಿ. ಆಗಿನಿಂದ ಮನೆಯ ಒಲೆ ಅವನದೇ ಆಯಿತು.

ಅವನು ದರ್ಜಿ. ಬೀದಿಯವರೆಲ್ಲ ಟೇಲರಪ್ಪ ಎನ್ನುತ್ತಿದ್ದರು. ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ, ಕುತ್ತಿಗೆಯಲ್ಲಿ ಸದಾ ಅಳತೆಯ ಟೇಪು. ಕಾಲು ಇಂಚು ಹೆಚ್ಚುಕಮ್ಮಿಯಾದರೆ ನಿದ್ದೆ ಬಾರದ ಪ್ರಾಣಿ. ಅಕ್ಕಿಯನ್ನೂ ಹಾಗೇ ಅಳೆಯುತ್ತಿದ್ದ. ಚಮಚದಲ್ಲಿ ಉಪ್ಪು ತುಂಬಿ, ಬೆರಳಿನಿಂದ ಸವರಿ ಸಮ ಮಾಡಿಯೇ ಪಾತ್ರೆಗೆ ಹಾಕುತ್ತಿದ್ದ. ಸಂಜೆ ಅವಳು ಈರುಳ್ಳಿ ವಾಸನೆ ಹೊತ್ತು ಬಂದು ಕಾಲು ಚಾಚಿ ಕೂತರೆ ಬಿಸಿ ತಟ್ಟೆ ಕೈಗೆ ಬರುತ್ತಿತ್ತು, ಅವಳ ಬಾಯಿಂದ ಕ್ಯಾಂಟೀನಿನ ಕಥೆ ಹೊರಡುತ್ತಿತ್ತು.

ಅಲ್ಲಿನ ಗದ್ದಲದಲ್ಲಿ ಕೂಗಿದ್ದು ಪಕ್ಕದವನಿಗೂ ಕೇಳದು. ಇನ್ನೊಂದು ಸೌಟು ಬೇಕಾದವರು ತಟ್ಟೆಯ ಅಂಚಿಗೆ ಚಮಚದಿಂದ ಎರಡು ಸಲ ಬಡಿಯಬೇಕು, ಅದು ಕ್ಯಾಂಟೀನಿನ ವಾಡಿಕೆ. ಟಣ್ ಟಣ್ ಎಂದೊಡನೆ ಸೌಟಮ್ಮ ಬಕೆಟ್ಟು ಹಿಡಿದು ಹೋಗಿ, "ಏನಪ್ಪ, ಅತ್ತೆಮನೆ ಅಂದ್ಕೊಂಡ್ಯಾ?" ಎಂದು ಗದರಿಸಿ, ಗದರಿಸಿದ ತಪ್ಪಿಗೆ ಅರ್ಧ ಸೌಟು ಜಾಸ್ತಿಯೇ ಬಡಿಸಿ ಬರುತ್ತಿದ್ದಳು. ಅಡುಗೆಯ ರುಚಿಯನ್ನು ಅವಳು ನೋಡುತ್ತಿರಲಿಲ್ಲ. ಮೊದಲ ಪಂಕ್ತಿಗೆ ಬಡಿಸಿ, ಉಣ್ಣುವವರಿಗೆ ಬೆನ್ನು ತಿರುಗಿಸಿ ನಿಂತುಬಿಡುತ್ತಿದ್ದಳು. ಮೊದಲ ತುತ್ತಿಗೆ ಗದ್ದಲ ತಟಕ್ಕನೆ ಇಳಿದರೆ ಉಪ್ಪು ಸರಿಯಿದೆ ಎಂದರ್ಥ. ಮೂವತ್ತನಾಲ್ಕು ವರ್ಷದಲ್ಲಿ ಇಳಿಯದೇ ಇದ್ದ ದಿನಗಳನ್ನು ಬೆರಳಲ್ಲಿ ಎಣಿಸಬಹುದು.

"ಇವತ್ತು ಎಷ್ಟು ಜನ ಬಡಿದ್ರು?" ಎಂದು ಟೇಲರಪ್ಪ ದಿನಾ ಕೇಳುತ್ತಿದ್ದ. ಅವಳು ಹೇಳಿದರೆ, "ಊರಿಗೆಲ್ಲ ಊಟ, ನನಗೆ ಬರೀ ಕಥೆ" ಎಂದು ನಗುತ್ತಿದ್ದ. ತಮಾಷೆಗೆ ಅಂದರೂ ಮಾತು ನಿಜ. ಹೊರಗಿನವರು ಕಾರ್ಖಾನೆಯ ಗೇಟಿನೊಳಗೆ ಬರುವಂತಿಲ್ಲ, ಕ್ಯಾಂಟೀನಿನ ಒಂದು ಅಗುಳೂ ಗೇಟು ದಾಟುವಂತಿಲ್ಲ. ಬೇರೆಯವರು ಚೀಲದ ತಳದಲ್ಲಿ ಡಬ್ಬಿ ಮುಚ್ಚಿ ಒಯ್ದದ್ದುಂಟು. ಸೌಟಮ್ಮ ಒಯ್ಯಲಿಲ್ಲ, ಅವನೂ ತಾ ಎನ್ನಲಿಲ್ಲ. ನಾನೂರು ಜನ ಬಾಯಿ ಚಪ್ಪರಿಸಿ ಉಂಡ ಹೆಂಡತಿಯ ಕೈಯಡುಗೆಯನ್ನು, ಅವಳನ್ನು ಕಟ್ಟಿಕೊಂಡ ಗಂಡನೇ ಒಂದು ದಿನವೂ ಉಣ್ಣಲಿಲ್ಲ.

ಎರಡು ವರ್ಷದ ಹಿಂದೆ ಕ್ಯಾಂಟೀನು ಮುಚ್ಚಿತು. ಬೀಳ್ಕೊಡುವಾಗ ಗೋಡೆ ಗಡಿಯಾರ ಕೊಡಲು ಬಂದರು. ಸೌಟಮ್ಮ, "ಹೊತ್ತು ನೋಡಿ ನಾನೇನ್ ಮಾಡ್ಲಿ, ಆ ದೊಡ್ಡ ಹಂಡೆ ಕೊಡಿ" ಎಂದಳು. ಹಂಡೆ ಮನೆಗೆ ಬಂತು, ಒಲೆಯ ಮೇಲೆ ಕೂರುವಷ್ಟು ಚಿಕ್ಕದಲ್ಲದ ಕಾರಣ ಮಂಚದ ಪಕ್ಕ ಕೂತಿತು. ಟೇಲರಪ್ಪ ಅದರೊಳಗೆ ತನ್ನ ಬಟ್ಟೆಯ ತುಂಡುಗಳನ್ನೆಲ್ಲ ತುಂಬಿಟ್ಟ.

ಇಷ್ಟು ಹಿಂದಿನ ಮಾತು. ಈಗ ಮುಂದಿನದು ಕೇಳಿ.

ನದಿಯ ಸೇತುವೆ ಬಿರುಕು ಬಿಟ್ಟಿತು. ಆಚೆಯ ಲಾರಿಗಳು ಆಚೆಯೇ ನಿಂತವು. ಮೂರು ದಿನದಲ್ಲಿ ಅಂಗಡಿಗಳ ಶೆಲ್ಫುಗಳು ಬೋಳಾದವು. ಅಕ್ಕಿಯಿಲ್ಲ, ಹಿಟ್ಟಿಲ್ಲ, ಬೇಳೆಯಿಲ್ಲ. ಉಳಿದದ್ದು ಸೆಂಟಿನ ಬಾಟಲಿ, ತಲೆಗೂದಲಿನ ಬಣ್ಣ, ಹುಟ್ಟುಹಬ್ಬದ ಮೇಣದಬತ್ತಿ, ಶೂ ಪಾಲಿಶ್. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುವ ಗಾದೆಯನ್ನು ಅಂಗಡಿಯವರು ಶೆಲ್ಫಿನಲ್ಲಿ ಜೋಡಿಸಿಟ್ಟಂತಿತ್ತು. 'ಒಬ್ಬರಿಗೆ ಒಂದೇ ಕೆ.ಜಿ.' ಎಂದು ಬೋರ್ಡು ಬಂದದ್ದು ಐದನೇ ದಿನ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಅದೇ ವಾರ ಟೇಲರಪ್ಪ ಆಸ್ಪತ್ರೆಯಿಂದ ಮನೆಗೆ ಬಂದ. ನ್ಯುಮೋನಿಯಾ ಹನ್ನೆರಡು ದಿನ ಅವನನ್ನು ಹಿಂಡಿ ಹಾಕಿತ್ತು. ಕೆಮ್ಮು ಹೋಗಿತ್ತು, ಜ್ವರ ಹೋಗಿತ್ತು, ಅವುಗಳ ಜೊತೆಗೆ ಹಸಿವೂ ಹೋಗಿತ್ತು. ಬೆಳಿಗ್ಗೆ ಎದ್ದವನೇ ಟೇಪು ತೆಗೆದು ತನ್ನ ಸೊಂಟ ತಾನೇ ಅಳೆದುಕೊಳ್ಳುವುದು ಅವನ ಹೊಸ ಚಾಳಿ. ಮೂವತ್ತನಾಲ್ಕು ಇಂಚಿನ ಆಸಾಮಿ ಮೂವತ್ತೊಂದಕ್ಕೆ ಇಳಿದಿದ್ದ.

"ಮೂವತ್ತೂವರೆ," ಎಂದ ಗುರುವಾರ ಬೆಳಿಗ್ಗೆ, ಬೇರೆ ಯಾರದೋ ಪ್ಯಾಂಟಿನ ಅಳತೆ ಹೇಳಿದ ಹಾಗೆ.

ಅವರ ಕಟ್ಟಡದ ಮೂರನೇ ಮಹಡಿಯಲ್ಲಿದ್ದ ನರ್ಸ್ ದಿನಾ ಕೆಲಸಕ್ಕೆ ಹೋಗುವ ಮುಂಚೆ ಅವನನ್ನು ನೋಡಿ ಹೋಗುತ್ತಿದ್ದಳು. ಅವತ್ತು ಸೌಟಮ್ಮನನ್ನು ಬಾಗಿಲಾಚೆ ಕರೆದಳು.

"ಅಮ್ಮಾ, ಔಷಧಿ ಕೆಲಸ ಮುಗೀತು. ಇನ್ನು ಊಟದ ಕೆಲಸ. ಹಿಂಗೇ ಎರಡು ಚಮಚ ತಿಂದು ತಟ್ಟೆ ಸರಿಸ್ತಾ ಇದ್ರೆ ಆಗಲ್ಲ. ಭಾನುವಾರದವರೆಗೆ ನೋಡ್ತೀನಿ. ಅಷ್ಟರಲ್ಲಿ ಒಂದು ಹೊತ್ತಾದ್ರೂ ಹೊಟ್ಟೆ ತುಂಬ ಉಣ್ಣಲಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗಿ ಡ್ರಿಪ್ ಹಾಕಿಸ್ಬೇಕು."

"ಮತ್ತೆ ಆಸ್ಪತ್ರೆಗಾ?"

"ಈ ಸಲ ಹೋದ್ರೆ ಎಷ್ಟು ದಿನ ಅಂತ ನಾನು ಹೇಳಲಾರೆ ಅಮ್ಮಾ." ನರ್ಸ್ ತನ್ನ ಚೀಲದಿಂದ ಒಂದು ಲೋಟ ಅಕ್ಕಿಯ ಪೊಟ್ಟಣ ತೆಗೆದು ಅವಳ ಕೈಗಿಟ್ಟಳು. "ನಮ್ಮನೇಲಿ ಇದ್ದಿದ್ದು ಇಷ್ಟು. ಗಂಜಿ ಮಾಡಿ ಕೊಡಿ."

ಆ ಒಂದು ಲೋಟ ಅಕ್ಕಿಯನ್ನು ಸೌಟಮ್ಮ ದೇವರ ಪ್ರಸಾದದಂತೆ ಒಳಗೆ ತಂದಳು. ಮಂಚದಿಂದ ಟೇಲರಪ್ಪ, "ಲೋಟಕ್ಕೆ ಆರು ಲೋಟ ನೀರು. ಉಪ್ಪು ಅರ್ಧ ಚಮಚ, ಸವರಿ ಹಾಕು" ಎಂದ.

"ಸುಮ್ನೆ ಮಲಗ್ರೀ. ನನಗೆ ಅಡುಗೆ ಹೇಳಿಕೊಡ್ತಾರೆ."

ಉಪ್ಪಿನ ಡಬ್ಬಿಗೆ ಕೈ ಹಾಕಿದಳು. ಇಷ್ಟು ಸಾಕೇ, ಸಾಲದೇ? ಬೆರಳು ಒಂದು ಸಲ ತೆಗೆಯಿತು, ಸಾಲದೇನೋ ಎಂದು ಇನ್ನೊಂದು ಸಲ ತೆಗೆಯಿತು, ಪಾತ್ರೆಯಲ್ಲಿ ಅದು ಕಾಣಲೇ ಇಲ್ಲವೆಂದು ಮತ್ತೊಂದು ಸಲ. ಗಂಜಿ ಬಂತು. ಟೇಲರಪ್ಪ ಮೂರು ಚಮಚ ಕುಡಿದ. ಮುಖದ ಒಂದು ಗೆರೆಯೂ ಅಲ್ಲಾಡಲಿಲ್ಲ.

"ಚೆನ್ನಾಗಿದೆ," ಎಂದ. "ಹೊಟ್ಟೆ ತುಂಬ್ತು."

ಅಡುಗೆಮನೆಗೆ ಹೋಗಿ ಅವಳು ಬಾಯಿಗಿಟ್ಟು ನೋಡಿದಳು. ನಾಲಿಗೆ ಸುಟ್ಟಂತಾಯಿತು. ಬೇರೊಬ್ಬರ ಮನೆಯ ಕೊನೆಯ ಲೋಟ ಅಕ್ಕಿ ಅದು. ನೀರು ಬೆರೆಸಿ ಬೆರೆಸಿ ತಾನೇ ಕುಡಿದು ಮುಗಿಸಿದಳು, ಚೆಲ್ಲುವ ಮನಸ್ಸಾಗಲಿಲ್ಲ. ಕುಡಿಯುತ್ತಲೇ ಅತ್ತಳು. ನಾನೂರು ಹೊಟ್ಟೆ ತುಂಬಿಸಿದ ತನಗೆ ಈ ಒಂದು ಹೊಟ್ಟೆ ಒಲಿಯುತ್ತಿಲ್ಲವಲ್ಲ ಎಂದು ಸಂಕಟ. ಅವನಿಲ್ಲದ ಮನೆಯನ್ನು ಆಸ್ಪತ್ರೆಯ ಹನ್ನೆರಡು ದಿನ ನೋಡಿದ್ದಳು. ಹೊಲಿಗೆ ಯಂತ್ರದ ಸದ್ದಿಲ್ಲದ ಆ ಕೋಣೆಗೆ ಇನ್ನೊಮ್ಮೆ ಒಬ್ಬಳೇ ಬೀಗ ತೆಗೆದು ಬರುವ ಶಕ್ತಿ ಅವಳಿಗಿರಲಿಲ್ಲ.

ಶುಕ್ರವಾರ ಇಡೀ ದಿನ ಅಂಗಡಿ ಸುತ್ತಿದಳು. ಒಂದು ಕಡೆ ಎರಡು ಪೊಟ್ಟಣ ಬಿಸ್ಕತ್ತು ಸಿಕ್ಕಿತು. ಇನ್ನೊಂದು ಕಡೆ ಮುಂದಿದ್ದವಳಿಗೆ ಕೊನೆಯ ಹಿಟ್ಟಿನ ಚೀಲ ಸಿಕ್ಕಿ, ಇವಳಿಗೆ ಅಂಗಡಿಯವನ ಆಕಳಿಕೆ ಸಿಕ್ಕಿತು. ಸಂಜೆ ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಕಾಲು ಒತ್ತಿಕೊಳ್ಳುವಾಗ ಅವಳಿಗೆ ಹೊಳೆಯಿತು. ತನ್ನ ದಡ್ಡತನಕ್ಕೆ ತಾನೇ ಹಣೆ ಚಚ್ಚಿಕೊಂಡಳು. ಮೂವತ್ತನಾಲ್ಕು ವರ್ಷದಲ್ಲಿ ಅವಳು ಒಂದು ದಿನವಾದರೂ ಕ್ಯಾಂಟೀನಿನ ಅಕ್ಕಿಯನ್ನು ಅಂಗಡಿಯಲ್ಲಿ ಕೊಂಡಿದ್ದಳೇ? ಅಂಗಡಿಯೆಂದರೆ ಅಕ್ಕಿಯ ಬಸ್‌ಸ್ಟಾಪು. ಅಕ್ಕಿಯ ಮನೆ ಗೋದಾಮು.

ಶನಿವಾರ ಬೆಳಿಗ್ಗೆ ಎದುರುಮನೆಯ ವೆಲ್ಡರನನ್ನು ಎಬ್ಬಿಸಿದಳು. ಕಬ್ಬಿಣದ ಕೊಳವೆ ಸಾಗಿಸುವ ತಳ್ಳುಗಾಡಿ ಅವನಲ್ಲಿತ್ತು.

"ಎಲ್ಲಿಗಕ್ಕ?"

"ಅಕ್ಕಿ ತವರುಮನೆಗೆ. ಗಾಡಿ ತಗೊಂಡು ಬಾ."

ಗೂಡ್ಸ್ ಶೆಡ್ಡಿನ ಹಿಂದಿನ ಆ ಗೋದಾಮಿನ ವಾಸನೆಗೇ ಸೌಟಮ್ಮನ ಎದೆ ಹಿಗ್ಗಿತು. ಗೋಣಿ, ಧೂಳು, ಒಣಬೇಳೆ. ಅಡ್ಡಡ್ಡ ಉದ್ದುದ್ದ ಪೇರಿಸಿದ ಮೂಟೆಗಳು ಸೂರು ಮುಟ್ಟುವಂತಿದ್ದವು, ಮೇಲಿನ ಮೂಟೆಯ ಮೇಲೆ ಬೆಕ್ಕೊಂದು ಯಜಮಾನಿಯ ಹಾಗೆ ಮಲಗಿತ್ತು. ಆದರೆ ಮೇಜಿನ ಹಿಂದೆ ಕೂತಿದ್ದವನು ಹೊಸಬ. ದಪ್ಪ ಕನ್ನಡಕ, ಬಿಗಿದ ತುಟಿ, ಮುಂದೆ ಒಂದು ರಿಜಿಸ್ಟರು.

"ಐದು ಕೆ.ಜಿ. ಅಕ್ಕಿ ಕೊಡಿ ಸ್ವಾಮಿ," ಎಂದಳು.

"ಇಲ್ಲಿ ಕೆ.ಜಿ. ಲೆಕ್ಕ ಇಲ್ಲಮ್ಮ, ಮೂಟೆ ಲೆಕ್ಕ. ಅದೂ ಆಸ್ಪತ್ರೆ, ಹಾಸ್ಟೆಲ್, ಕ್ಯಾಂಟೀನಿಗೆ ಮಾತ್ರ. ಮೇಲಿಂದ ಆರ್ಡರ್ ಆಗಿದೆ. ಐವತ್ತು ಜನಕ್ಕಿಂತ ಕಮ್ಮಿ ಅಡುಗೆ ಮಾಡೋರಿಗೆ ಒಂದು ಕಾಳೂ ಇಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇಂಥವರನ್ನು ನೋಡಿಯೇ ಇರಬೇಕು. ಸೌಟಮ್ಮ ಬೇಡಿಕೊಳ್ಳಬೇಕೆಂದೇ ಬಾಯಿ ತೆರೆದಳು. ಗಂಡನ ಕಾಯಿಲೆ, ಮೂವತ್ತೂವರೆ ಇಂಚು, ಭಾನುವಾರ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಹೊರಬಂದದ್ದೇ ಬೇರೆ.

"ನಾನು ಎಂಬತ್ತು ಜನಕ್ಕೆ ಮಾಡ್ತೀನಿ."

ವೆಲ್ಡರ್ ಕೆಮ್ಮಿದ.

"ಎಲ್ಲಿ?" ಎಂದ ಗೋದಾಮಿನವನು.

"ನಮ್ಮ ಕಟ್ಟಡದ ಅಂಗಳದಲ್ಲಿ."

ಅವಳು ಜೀವಮಾನದಲ್ಲಿ ಹೇಳಿದ ಸುಳ್ಳುಗಳೇ ನಾಲ್ಕೈದು. ಅವನು ಕನ್ನಡಕದ ಮೇಲಿಂದ ಅವಳನ್ನು ಅಳೆದು, ಹತ್ತಿರದ ಮೂಟೆಯೊಂದನ್ನು ತೋರಿಸಿದ. "ಹಾಗಾದ್ರೆ ಅದನ್ನ ತಗೊಂಡು ಹೋಗಿ."

ಸೌಟಮ್ಮನ ಕೈ ತಾನಾಗಿಯೇ ಮೂಟೆಯ ಬಾಯೊಳಗೆ ಮೊಣಕೈವರೆಗೆ ಇಳಿಯಿತು. ತಳದ ಅಕ್ಕಿ ತೆಗೆದು ಮೂಸಿದಳು, ಎರಡು ಕಾಳು ಹಲ್ಲಿನಡಿ ಇಟ್ಟು ಕಡಿದಳು.

"ಇದು ಹೊಸ ಅಕ್ಕಿ ಸ್ವಾಮಿ. ನೀರು ಹೀರಲ್ಲ, ದೊಡ್ಡ ಹಂಡೇಲಿ ಅಂಟಂಟಾಗಿ ತಳ ಹಿಡಿಯುತ್ತೆ. ಮನೆಗೆ ಪರವಾಗಿಲ್ಲ, ಎಂಬತ್ತು ಜನಕ್ಕೆ ನಡೆಯಲ್ಲ. ಹೋದ ಸಾಲಿಂದು ಕೊಡಿ."

ಗೋದಾಮಿನವನ ತುಟಿಯ ಬಿಗಿ ಸ್ವಲ್ಪ ಸಡಿಲವಾಯಿತು. ಇದು ಅಡುಗೆಯವಳೇ ಹೌದು, ಅದರಲ್ಲಿ ಅನುಮಾನವಿಲ್ಲ. ಆದರೂ ರಿಜಿಸ್ಟರು ರಿಜಿಸ್ಟರೇ.

"ಒಂದು ಮೂಟೆ ಅಕ್ಕಿ, ಅರ್ಧ ಮೂಟೆ ಬೇಳೆ. ನಾಳೆ ಮಧ್ಯಾಹ್ನ ನಾನೇ ಬಂದು ನೋಡ್ತೀನಿ. ಎಂಬತ್ತು ಜನ ಊಟಕ್ಕೆ ಕೂತಿರಬೇಕು. ಇಲ್ಲ ಅಂದ್ರೆ ಮೂಟೆ ವಾಪಸ್, ನಿಮ್ಮ ಮೇಲೆ ದೂರು ಬೇರೆ."

ಇದ್ದಬದ್ದ ದುಡ್ಡನ್ನು ಇಬ್ಬರೂ ಸೇರಿಸಿ ಕೊಟ್ಟು, ಮೂಟೆ ಗಾಡಿಗೇರಿಸಿ ಹೊರಟರು. ಅರ್ಧ ದಾರಿ ಬಂದ ಮೇಲೆ ವೆಲ್ಡರ್ ಬಾಯಿ ಬಿಟ್ಟ. "ಅಕ್ಕ, ಹತ್ತೋ ಹದಿನೈದೋ ಅಂದಿದ್ರೆ ನಾನೂ ಜೊತೆಗೆ ಆಣೆ ಮಾಡ್ತಿದ್ದೆ. ಎಂಬತ್ತು ಎಲ್ಲಿಂದ ತಂದ್ರಿ?"

"ಅದಕ್ಕಿಂತ ಕಮ್ಮಿ ನನ್ನ ಬಾಯಿಗೆ ಬರಲ್ಲ ಕಣೋ," ಎಂದಳು ಸೌಟಮ್ಮ. ಆಗಲೇ ಬೆರಳು ಮಡಿಸಿ ಕಟ್ಟಡದ ಒಂದೊಂದು ಮನೆಯ ತಲೆ ಎಣಿಸತೊಡಗಿದ್ದಳು.

ಟೇಲರಪ್ಪನಿಗೆ ಎಲ್ಲ ಹೇಳಿದಳು, ಒಂದಕ್ಷರ ಮುಚ್ಚಿಡದೆ. ಅವನು ಕಣ್ಣು ಮುಚ್ಚಿ ಕೇಳಿದ. ಭುಜ ಅಲುಗತೊಡಗಿದಾಗ ಕೆಮ್ಮು ಮರಳಿತೇನೋ ಎಂದು ಅವಳು ಗಾಬರಿಯಾದಳು. ಅವನು ನಗುತ್ತಿದ್ದ. ತಿಂಗಳಲ್ಲೇ ಮೊದಲ ನಗು.

"ಐದು ಕೆ.ಜಿ.ಗೆ ಹೋಗಿ ಕ್ಯಾಂಟೀನು ತೆಗೆದು ಬಂದಳಲ್ಲಪ್ಪ ಇವಳು."

"ನಗಬೇಡಿ. ಮೊದ್ಲು ಆ ಹಂಡೆ ಖಾಲಿ ಮಾಡ್ಬೇಕು."

"ನನ್ನ ಬಟ್ಟೆ ಎಲ್ಲಿಗೆ ಹೋಗ್ಬೇಕು ಹಾಗಾದ್ರೆ?"

ಆದರೂ ದಿಂಬಿಗೆ ಒರಗಿ ಕೂತು ತಾನೇ ಖಾಲಿ ಮಾಡಿದ. ಒಂದೊಂದೇ ತುಂಡು ತೆಗೆದು ಮಡಿಸಿ ಮಡಿಲಲ್ಲಿಟ್ಟುಕೊಂಡ. ಅರ್ಧಕ್ಕರ್ಧ ತುಂಡುಗಳು ನೀಲಿ. ಅವಳ ಕ್ಯಾಂಟೀನಿನ ಏಪ್ರನ್ನುಗಳ ಬಟ್ಟೆ. ವರ್ಷಕ್ಕೊಂದರಂತೆ ಮೂವತ್ತನಾಲ್ಕನ್ನೂ ಅವನೇ ಹೊಲಿದಿದ್ದ, ಉಳಿದ ತುಂಡನ್ನು ಎಸೆದಿರಲಿಲ್ಲ.

"ಇದು ಮೊದಲನೇದು," ಎಂದು ಒಂದನ್ನು ಬೆಳಕಿಗೆ ಹಿಡಿದ. ಬಣ್ಣ ಮಾಸಿತ್ತು. "ನೋಡು, ಇಷ್ಟೆಲ್ಲ ಹೊಲಿದೆ. ಹಾಕ್ಕೊಂಡು ನೀನು ಬಡಿಸೋದನ್ನ ಮಾತ್ರ ಒಂದು ಸಲಾನೂ ನೋಡ್ಲಿಲ್ಲ."

ಸೌಟಮ್ಮ ಆ ತುಂಡನ್ನು ತೆಗೆದುಕೊಂಡು ದಿಂಬಿನ ಪಕ್ಕ ಮಡಿಸಿಟ್ಟಳು. "ಬೇಗ ಬೇಗ ತೆಗೀರಿ, ಹಂಡೆ ತೊಳೀಬೇಕು," ಎಂದಳು.

ಸಂಜೆ ನರ್ಸ್ ಬಂದು, ಮೂಟೆಯ ಅಕ್ಕಿಯಲ್ಲಿ ತಾನೇ ಗಂಜಿ ಮಾಡಿದಳು. ಉಪ್ಪು ಹದವಾಗಿತ್ತು. ಟೇಲರಪ್ಪ ನಾಲ್ಕು ಚಮಚ ಕುಡಿದು ಬಟ್ಟಲು ಸರಿಸಿದ. "ಚೆನ್ನಾಗಿದೆ ಮಗಳೇ. ಬಾಯಿಗೇ ಬೇಡ ಅನ್ಸುತ್ತೆ." ನರ್ಸ್ ಸೌಟಮ್ಮನ ಕಡೆ ನೋಡಿದಳು. ಅಲ್ಲಿಯವರೆಗೆ ಸೌಟಮ್ಮ ತನ್ನ ಉಪ್ಪನ್ನೇ ಬೈದುಕೊಂಡಿದ್ದಳು. ಉಪ್ಪು ಸರಿಯಿದ್ದರೂ ಒಳಗಿಳಿಯುವುದಿಲ್ಲವೆಂದರೆ ಇನ್ನೇನು ಮಾಡುವುದು? ಭಾನುವಾರಕ್ಕೆ ಒಂದು ರಾತ್ರಿ ಉಳಿದಿತ್ತು.

ಭಾನುವಾರ ಬೆಳಿಗ್ಗೆ ಅವನು ಟೇಪು ಹಿಡಿದ. "ಮೂವತ್ತೂ ಕಾಲು."

ಸೌಟಮ್ಮ ಏಪ್ರನ್ ಕಟ್ಟಿಕೊಂಡು ಹೊರಗೆ ನಡೆದಳು. ವೆಲ್ಡರ್ ಅಂಗಳದಲ್ಲಿ ಕಬ್ಬಿಣದ ಉಂಗುರಕ್ಕೆ ಮೂರು ಕಾಲು ಬೆಸೆದು ಒಲೆ ನಿಲ್ಲಿಸಿದ್ದ. ಹಳೆಯ ಪೆಟ್ಟಿಗೆಗಳ ಹಲಗೆಗಳು ಸೌದೆಯಾದವು. ಹದಿನಾಲ್ಕು ಮನೆಯ ಕಟ್ಟಡ. ಒಬ್ಬರು ಈರುಳ್ಳಿ ತಂದರು, ಒಬ್ಬರು ಮೊಳಕೆ ಬಂದ ಆಲೂಗಡ್ಡೆ, ಒಬ್ಬರು ಮೂರೇ ಮೂರು ಕ್ಯಾರೆಟ್ ತಂದು ನಾಚಿಕೊಂಡು ನಿಂತರು. "ಮೂರಾದ್ರೇನು, ಹಂಡೆಗೆ ಬಣ್ಣ ಬರುತ್ತೆ, ಹಾಕಿ," ಎಂದಳು. ಮೊದಲನೇ ಮಹಡಿಯ ಗುಮಾಸ್ತ ಕಿಟಕಿಯಿಂದ ತಲೆ ಹಾಕಿ ಹೊಗೆ ಬರುತ್ತಿದೆಯೆಂದು ತಕರಾರು ತೆಗೆದ. ಬೇಳೆ ಬೇಯುವ ವಾಸನೆ ಅದೇ ಕಿಟಕಿಯಲ್ಲಿ ಒಳಗೆ ಹೋದ ಮೇಲೆ ಮನೆಯಲ್ಲಿದ್ದ ಅತಿ ದೊಡ್ಡ ತಟ್ಟೆ ಹಿಡಿದು ಸಾಲಿನ ಮುಂದೆ ಬಂದು ನಿಂತವನೂ ಅವನೇ.

ಎಂಟು ಕೆ.ಜಿ. ಅಕ್ಕಿ, ಮೂರು ಕೆ.ಜಿ. ಬೇಳೆ, ಎಲ್ಲ ಒಂದೇ ಹಂಡೆಗೆ. ನೀರು ಕುದಿಯುವ ಸದ್ದಿಗೆ ಸೌಟಮ್ಮನ ಬೆನ್ನು ನೆಟ್ಟಗಾಯಿತು. ಎರಡು ವರ್ಷ ನಿರುದ್ಯೋಗಿಯಾಗಿದ್ದ ಕೈ ಉಪ್ಪಿನ ಚೀಲಕ್ಕೆ ಹೋಯಿತು. ಒಂದು ಹಿಡಿ, ಎರಡು, ಮೂರು. ಯಾವ ಗಾಬರಿಯೂ ಇಲ್ಲ. ಐದು ಹಿಡಿ ಹಾಕಿ, ಆವಿ ಮೂಸಿ, ಇನ್ನರ್ಧ ಹಿಡಿ ಹಾಕಿದಳು.

ಕಟ್ಟಡದವರು ಅರವತ್ತೆರಡು. ಬೀದಿಯ ತುದಿಯ ಮನೆಗಳವರು ಬಂದರು, ಬಸ್‌ಸ್ಟಾಪಿನಲ್ಲಿ ಬಸ್ಸಿಗೆ ಕಾಯುತ್ತಿದ್ದವರು ಬಸ್ಸು ಬಿಟ್ಟು ಬಂದರು. ಮಧ್ಯಾಹ್ನ ಸರಿಯಾಗಿ ಗೋದಾಮಿನವನು ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು ಗೇಟಿನಲ್ಲಿ ಕಾಣಿಸಿದ. ಅಂಗಳ ತುಂಬ ಕೂತವರನ್ನು ಪೆನ್ನಿನ ತುದಿಯಲ್ಲಿ ಎಣಿಸಿದ. ಎರಡು ಸಲ ಎಣಿಸಿದ.

"ಎಪ್ಪತ್ತೊಂಬತ್ತು," ಎಂದ. "ಒಬ್ಬರು ಕಮ್ಮಿ."

ಸೌಟಮ್ಮ ಅವನ ಮುಖ ನೋಡಿದಳು. ಕೆನ್ನೆ ಒಳಗೆ ಹೋಗಿತ್ತು. ನಿನ್ನೆ ಅವನ ಮೇಜಿನ ಮೇಲೆ ಅರ್ಧ ಕಚ್ಚಿಟ್ಟ ಒಣ ಬನ್ನು ಇದ್ದದ್ದು ಅವಳಿಗೆ ಈಗ ನೆನಪಾಯಿತು. ಗೋದಾಮು ತುಂಬ ಅಕ್ಕಿ, ಬೇಯಿಸಿ ಹಾಕುವವರು ಯಾರೂ ಇಲ್ಲ. ದೀಪದ ಕೆಳಗೇ ಕತ್ತಲೆ.

"ಎಂಬತ್ತನೆಯವರು ಈಗ ಬಂದ್ರಲ್ಲ. ರಿಜಿಸ್ಟರ್ ಪಕ್ಕಕ್ಕಿಟ್ಟು ತಟ್ಟೆ ತಗೊಳ್ಳಿ," ಎಂದಳು.

ಅವನು ರಿಜಿಸ್ಟರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಗುಮಾಸ್ತನ ಪಕ್ಕದಲ್ಲಿ ಕೂತ.

ಟೇಲರಪ್ಪ ತನ್ನ ಮನೆಯ ಹೊಸ್ತಿಲ ಬಳಿ ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದ. ಬೆಳಿಗ್ಗೆಯಿಂದ ಅಲ್ಲೇ ಕೂತು ಅವಳು ಓಡಾಡುವುದನ್ನು ನೋಡಿದ್ದ. ಅವನಿಗೆ ತಟ್ಟೆ ಒಯ್ಯುವ ಧೈರ್ಯ ಸೌಟಮ್ಮನಿಗಾಗಲಿಲ್ಲ. ಒಂದು ಸೌಟಿನಷ್ಟು ಹಾಕಿ ನರ್ಸ್ ಕೈಯಲ್ಲಿ ಕಳಿಸಿ, ಮೊದಲಿನ ಹಾಗೆ ಎಲ್ಲರಿಗೂ ಬೆನ್ನು ತಿರುಗಿಸಿ ಹಂಡೆಯ ಮುಂದೆ ನಿಂತಳು. ಸೌಟಿನ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು.

ಮಾತು, ನಗು, ಮಕ್ಕಳ ಜಗಳ, ತಟ್ಟೆಗಳ ಸದ್ದು. ಆಮೇಲೆ ಅಂಗಳ ತಟಕ್ಕನೆ ಸುಮ್ಮನಾಯಿತು. ಉಪ್ಪು ಸರಿಯಿತ್ತು.

ಸೌಟಮ್ಮ ಉಸಿರು ಬಿಟ್ಟಳು. ಆದರೂ ತಿರುಗಲಿಲ್ಲ. ಎಪ್ಪತ್ತೊಂಬತ್ತು ಜನರ ಮೌನ ಅವಳಿಗೆ ಬೇಕಿರಲಿಲ್ಲ. ಹೊಸ್ತಿಲ ಕಡೆಯಿಂದ ತಟ್ಟೆ ಕೆಳಗಿಡುವ ಸದ್ದು ಬರುತ್ತದೇನೋ ಎಂದು ಕಿವಿ ನಿಮಿರಿಸಿ ನಿಂತಿದ್ದಳು. ಮೂರು ಚಮಚ, ನಾಲ್ಕು ಚಮಚ, ಆಮೇಲೆ ಆ ಸದ್ದು ಬರಬೇಕು. ಬರಲಿಲ್ಲ. ಗುಮಾಸ್ತ ಇನ್ನಷ್ಟು ಬೇಕೆಂದು ಕೈ ಎತ್ತಿದ, ವೆಲ್ಡರ್ ಬಕೆಟ್ಟು ಹಿಡಿದು ಹೋದ. ಜನ ಮತ್ತೆ ಮಾತಿಗಿಳಿದರು. ಗದ್ದಲದಲ್ಲಿ ಇನ್ನೇನೂ ಕೇಳದು ಎಂದುಕೊಂಡು ಬೆಂಕಿ ಸರಿಮಾಡಲು ಬಗ್ಗಿದಳು.

ಟಣ್ ಟಣ್.

ಮೆಲ್ಲಗೆ, ಬಲವಿಲ್ಲದ ಕೈಯ ಬಡಿತ. ಆ ಅಂಗಳದಲ್ಲಿ ಕೂತ ಯಾರಿಗೂ ಆ ವಾಡಿಕೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮೂವತ್ತನಾಲ್ಕು ವರ್ಷ ಬರೀ ಕಥೆ ಕೇಳಿದ ಒಬ್ಬನಿಗೆ ಮಾತ್ರ.

ಸೌಟಮ್ಮ ತಿರುಗಿದಳು. ಟೇಲರಪ್ಪ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ತೊಳೆದಿಟ್ಟಂತಿದ್ದ ತಟ್ಟೆಯ ಅಂಚಿಗೆ ಚಮಚ ಹಿಡಿದು ಅವಳನ್ನೇ ನೋಡುತ್ತಿದ್ದ. ಪಕ್ಕದಲ್ಲಿ ನರ್ಸ್ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸೌಟಮ್ಮ ಬಕೆಟ್ಟು ಎತ್ತಿಕೊಂಡು, ಕೂತವರ ನಡುವೆ ಕಾಲಿಡಲು ಜಾಗ ಹುಡುಕುತ್ತ, ಅಷ್ಟು ದೂರ ನಡೆದು ಬಂದಳು.

"ಏನ್ರೀ," ಎಂದಳು, "ಅತ್ತೆಮನೆ ಅಂದ್ಕೊಂಡ್ರಾ?"

"ಅಲ್ಲ, ಕ್ಯಾಂಟೀನು ಅಂದ್ಕೊಂಡೆ," ಎಂದ ಟೇಲರಪ್ಪ. "ಇಷ್ಟು ವರ್ಷ ಗೇಟಿನ ಹೊರಗೇ ನಿಲ್ಲಿಸಿದ್ರು. ಇವತ್ತು ಒಳಗೆ ಬಿಟ್ಟಿದ್ದಾರೆ. ಬಡಿಸು."

ಅವಳು ಒಂದು ಸೌಟು ಬಡಿಸಿದಳು. ಗದರಿಸಿದ ತಪ್ಪಿಗೆ ಇನ್ನರ್ಧ ಹಾಕಿದಳು. ಅವನು ಸಾಕು ಎನ್ನಲಿಲ್ಲ.